ಉಪ್ಪುನೀರು ಕುದಿಸಿದರೂ ಉಪ್ಪು ಹೆಚ್ಚಿಗೆ ಕರಗುವುದಿಲ್ಲವೇಕೆ?

ಪ್ರಶ್ನೆ: ಹೊಸನಗರದ ಓದುಗಿ

ನಮ್ಮ ಮನೆಯಲ್ಲಿ ಪ್ರತಿ ವರ್ಷ ಅಪ್ಪೆಮಿಡಿ ಬಂದಾಗ ಅತ್ತೆಯವರು ನೀರು ಕುದಿಸಿ, ಇನ್ನು ಕರಗುವುದಿಲ್ಲ ಎನ್ನುವವರೆಗೆ ಕಲ್ಲುಪ್ಪು ಹಾಕಿ, ರಾತ್ರಿಯಿಡೀ ಆರಲು ಬಿಟ್ಟು, ಮರುದಿನ ಬಟ್ಟೆಯಲ್ಲಿ ಸೋಸಿ ಮಿಡಿ ತುಂಬಿದ ಭರಣಿಗೆ ಸುರಿಯುತ್ತಾರೆ. ಬಿಸಿನೀರಿನಲ್ಲಿ ಹೆಚ್ಚು ಉಪ್ಪು ಕರಗುತ್ತದೆ, ಆರಿದಾಗ ಹೆಚ್ಚಾದದ್ದು ಹರಳಾಗಿ ಹೊರಬರುತ್ತದೆ ಎಂದು ನಾನು ಶಾಲೆಯಲ್ಲಿ ಓದಿದ್ದೆ. ಆದ್ದರಿಂದ ಬೆಳಿಗ್ಗೆ ಪಾತ್ರೆಯ ತಳದಲ್ಲಿ ದಪ್ಪನೆಯ ಉಪ್ಪಿನ ಪದರವನ್ನು ನಿರೀಕ್ಷಿಸಿದ್ದೆ. ಸಿಕ್ಕಿದ್ದು ಬೆರಳಿನಿಂದ ಸವರಿದರೆ ಅಂಟುವಷ್ಟು ಮಾತ್ರ.

ಅನುಮಾನ ಬಗೆಹರಿಸಿಕೊಳ್ಳಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ. ಅರ್ಧ ಲೀಟರ್ ತಣ್ಣೀರಿನಲ್ಲಿ, ತುಂಬಾ ಹೊತ್ತು ಕಲಕಿದ ಮೇಲೆ, ಸುಮಾರು 180 ಗ್ರಾಂ ಉಪ್ಪು ಕರಗಿತು. ಅದನ್ನೇ ಕುದಿಸಿದಾಗ ಇನ್ನೊಂದು 15 ಗ್ರಾಂ ಹಿಡಿಯಿತು, ಅಷ್ಟೇ. ಆದರೆ ಮೇ ತಿಂಗಳ ಕೊನೆಯಲ್ಲಿ ಮಾವನವರು ತೋಟಕ್ಕೆ ಔಷಧಿ ಹೊಡೆಸಲು ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸುವಾಗ ಬಿಸಿನೀರು ಹಾಕಿಸಿಕೊಂಡರು. ತಣ್ಣೀರಿನಲ್ಲಿ ಗಂಟೆಗಟ್ಟಲೆ ಹಠ ಹಿಡಿದು ಕೂರುವ ನೀಲಿ ಹರಳು ಬಿಸಿನೀರಿನಲ್ಲಿ ನೋಡನೋಡುತ್ತಲೇ ಮಾಯವಾಯಿತು. ಒಂದೇ ಒಲೆಯ ಬಿಸಿನೀರು ಒಂದು ಲವಣಕ್ಕೆ ಒಂದು ಬಗೆ, ಇನ್ನೊಂದಕ್ಕೆ ಇನ್ನೊಂದು ಬಗೆ ಏಕೆ? ಬಿಸಿಯಾದಷ್ಟೂ ಕಡಿಮೆ ಕರಗುವ ಲವಣವೂ ಇದೆಯೇ ಎಂದು ಒಂಬತ್ತನೆಯ ತರಗತಿಯಲ್ಲಿರುವ ಮಗಳು ಕೇಳುತ್ತಿದ್ದಾಳೆ. ನನಗೆ ಉತ್ತರ ತಿಳಿದಿಲ್ಲ.

ಉತ್ತರ 1: ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಶಿವಮೊಗ್ಗ

ಮೊದಲಿಗೆ, ತಮ್ಮ ಅಳತೆ ಸರಿಯಾಗಿದೆ. ಪಠ್ಯಪುಸ್ತಕದ ವಾಕ್ಯವೇ ತುಸು ಅವಸರದ್ದು.

ಇಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗಿವೆ. ಲವಣ ಎಷ್ಟು ಬೇಗ ಕರಗುತ್ತದೆ ಎಂಬುದು ಒಂದು, ಕೊನೆಗೆ ಒಟ್ಟು ಎಷ್ಟು ಕರಗುತ್ತದೆ ಎಂಬುದು ಮತ್ತೊಂದು. ಬಿಸಿನೀರಿನಲ್ಲಿ ನೀರಿನ ಕಣಗಳ ಓಡಾಟ ಹೆಚ್ಚುವುದರಿಂದ ಹೆಚ್ಚುಕಡಿಮೆ ಎಲ್ಲ ಲವಣಗಳೂ ಬೇಗ ಕರಗುತ್ತವೆ, ಅಡುಗೆ ಉಪ್ಪೂ ಇದಕ್ಕೆ ಹೊರತಲ್ಲ. ಆದರೆ ಇನ್ನು ಕರಗದು ಎನ್ನುವ ಹಂತ, ಅಂದರೆ ಪರ್ಯಾಪ್ತ ದ್ರಾವಣದ ಹಂತ, ಎಷ್ಟು ಗ್ರಾಂಗೆ ಬರುತ್ತದೆ ಎಂಬುದು ಆಯಾ ಲವಣದ ಸ್ವಂತ ಲೆಕ್ಕ. ಅಡುಗೆ ಉಪ್ಪು 100 ಗ್ರಾಂ ನೀರಿನಲ್ಲಿ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 35.7 ಗ್ರಾಂ, 20 ಡಿಗ್ರಿಯಲ್ಲಿ 36 ಗ್ರಾಂ, 100 ಡಿಗ್ರಿಯಲ್ಲಿ 39 ಗ್ರಾಂ ಚಿಲ್ಲರೆ ಕರಗುತ್ತದೆ. ಹಿಮದಿಂದ ಕುದಿಯವರೆಗೆ ಹೋದರೂ ಏರಿಕೆ ನಾಲ್ಕು ಗ್ರಾಂ ಕೂಡ ಇಲ್ಲ. ಪೆಟ್ಲುಪ್ಪನ್ನು, ಅಂದರೆ ಪೊಟ್ಯಾಸಿಯಂ ನೈಟ್ರೇಟನ್ನು ತೆಗೆದುಕೊಂಡರೆ 0 ಡಿಗ್ರಿಯಲ್ಲಿ 13 ಗ್ರಾಂ, 20ರಲ್ಲಿ 32, 60ರಲ್ಲಿ 110, ಕುದಿಯುವಾಗ 246 ಗ್ರಾಂ. ತಮ್ಮ ಮಾವನವರ ಮೈಲುತುತ್ತ ಇವೆರಡರ ನಡುವಿನದು: ನೀಲಿ ಹರಳಿನ ತೂಕದಲ್ಲಿ ಹೇಳುವುದಾದರೆ 20 ಡಿಗ್ರಿಯಲ್ಲಿ 32 ಗ್ರಾಂ, 60ರಲ್ಲಿ 62, 100ರಲ್ಲಿ 114.

ಕಾರಣವನ್ನು ಶಾಖದ ಲೆಕ್ಕಾಚಾರದಲ್ಲಿ ಹುಡುಕಬೇಕು. ಲವಣ ಕರಗಬೇಕಾದರೆ ಹರಳಿನೊಳಗೆ ಒಂದನ್ನೊಂದು ಬಿಗಿಹಿಡಿದಿರುವ ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಕಣಗಳನ್ನು, ಬಿಡಿಸಬೇಕು, ಇದಕ್ಕೆ ಶಕ್ತಿ ಖರ್ಚಾಗುತ್ತದೆ. ಬಿಡಿಸಿದ ಅಯಾನುಗಳನ್ನು ನೀರಿನ ಅಣುಗಳು ಸುತ್ತುವರಿದಾಗ ಶಕ್ತಿ ವಾಪಸು ಬರುತ್ತದೆ. ಅಡುಗೆ ಉಪ್ಪಿನಲ್ಲಿ ಈ ಖರ್ಚು ಒಂದು ಮೋಲ್‌ಗೆ ಸುಮಾರು 787 ಕಿಲೋಜೂಲ್. ವಾಪಸು ಬರುವುದೂ ಬಹುತೇಕ ಅಷ್ಟೇ ಆಗಿ, ಕೊನೆಗೆ ನೀರಿನಿಂದ ಕಿತ್ತುಕೊಳ್ಳಬೇಕಾದ ಬಾಕಿ ಸುಮಾರು 4 ಕಿಲೋಜೂಲ್ ಮಾತ್ರ. ಪೆಟ್ಲುಪ್ಪಿನಲ್ಲಿ ಈ ಬಾಕಿ ಸುಮಾರು 35 ಕಿಲೋಜೂಲ್. ಕರಗುವಾಗ ಶಾಖವನ್ನು ಹೀರುವ ಲವಣಕ್ಕೆ ಹೊರಗಿನಿಂದ ಶಾಖ ಕೊಟ್ಟರೆ ಸಮತೋಲ ಕರಗುವ ಕಡೆಗೆ ವಾಲುತ್ತದೆ. ಹೆಚ್ಚು ಹೀರುವುದು ಹೆಚ್ಚು ವಾಲುತ್ತದೆ, ಹೀರದಿರುವುದು ಅಲುಗುವುದೇ ಇಲ್ಲ. ಫ್ರಾನ್ಸಿನ ಲ ಶಾಟಲಿಯೇ 1884ರಲ್ಲಿ ಹೇಳಿದ ತತ್ತ್ವ ಇದೇ. ಮನೆಯಲ್ಲೇ ಕೈಯಿಂದ ಮುಟ್ಟಿ ತಿಳಿಯಬೇಕೆಂದರೆ ಪೊಟ್ಯಾಷ್ ಗೊಬ್ಬರವನ್ನು ಬಕೆಟ್ಟಿನಲ್ಲಿ ಕದಡುವಾಗ ಬಕೆಟ್ಟಿನ ಹೊರಮೈ ಮುಟ್ಟಿ ನೋಡಿ, ತಣ್ಣಗಾಗಿರುತ್ತದೆ. ಅದರ ಕರಗುವಿಕೆಯೂ 0 ಡಿಗ್ರಿಯ 28 ಗ್ರಾಂನಿಂದ 100 ಡಿಗ್ರಿಯ 56 ಗ್ರಾಂಗೆ, ಅಂದರೆ ಸರಿಯಾಗಿ ಎರಡು ಪಟ್ಟಾಗುತ್ತದೆ. ಅಡುಗೆ ಉಪ್ಪನ್ನು ಕರಗಿಸುವಾಗ ಕೈಗೆ ಗೊತ್ತಾಗುವಂಥ ತಂಪು ಇರುವುದಿಲ್ಲ.

ತಾವು ನೋಡಿದ ತೆಳು ಹರಳಿನ ಬಗ್ಗೆ ಇನ್ನೊಂದು ಮಾತು. ಅರ್ಧ ಲೀಟರ್ ನೀರು ಕುದಿಯಿಂದ ಕೋಣೆಯ ಉಷ್ಣತೆಗೆ ಇಳಿದಾಗ ಹೊರಬೀಳಬೇಕಾದ ಉಪ್ಪು ಸುಮಾರು 16 ಗ್ರಾಂ. ಆದರೆ ಮುಚ್ಚದ ಪಾತ್ರೆಯಲ್ಲಿ ಕುದಿಸುವಾಗ 50 ಮಿಲಿಲೀಟರ್ ನೀರು ಆವಿಯಾಗಿ ಹೋದರೆ, ಅದು ಹಿಡಿದಿಟ್ಟುಕೊಂಡಿದ್ದ 18 ಗ್ರಾಂ ಉಪ್ಪು ಹೇಗೂ ಹೊರಬೀಳಬೇಕು. ಅಡುಗೆ ಉಪ್ಪಿನ ಮಟ್ಟಿಗೆ ತಣಿಸುವುದಕ್ಕಿಂತ ನೀರನ್ನು ಆವಿಯಾಗಿಸುವುದೇ ಹೆಚ್ಚು ಕೆಲಸ ಮಾಡುತ್ತದೆ. ಘಟ್ಟದ ಕೆಳಗೆ ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಸಮುದ್ರದ ನೀರನ್ನು ಗದ್ದೆಗಳಿಗೆ ಹರಿಸಿ ಬಿಸಿಲಿಗೆ ಬಿಡುವುದು ಇದೇ ಕಾರಣಕ್ಕೆ. ಬಿಸಿ ಮಾಡಿ ತಣಿಸಿ ಉಪ್ಪು ತೆಗೆಯುತ್ತೇನೆಂದು ಹೊರಟವನಿಗೆ ಸೌದೆಯ ದುಡ್ಡೂ ಹುಟ್ಟುವುದಿಲ್ಲ. ಪೆಟ್ಲುಪ್ಪನ್ನು ಶುದ್ಧಗೊಳಿಸುವವರು ಮಾಡುತ್ತಿದ್ದುದು ತದ್ವಿರುದ್ಧ: ಮಣ್ಣಿನಿಂದ ತೆಗೆದ ಕಚ್ಚಾ ಪೆಟ್ಲುಪ್ಪಿನಲ್ಲಿ ಅಡುಗೆ ಉಪ್ಪೂ ಬೆರೆತಿರುತ್ತದೆ, ಬಿಸಿನೀರಿನಲ್ಲಿ ಕರಗಿಸಿ ತಣಿಸಿದರೆ ಪೆಟ್ಲುಪ್ಪು ರಾಶಿರಾಶಿಯಾಗಿ ಹರಳುಗಟ್ಟುತ್ತದೆ, ಅಡುಗೆ ಉಪ್ಪು ನೀರಿನಲ್ಲೇ ಉಳಿದುಬಿಡುತ್ತದೆ.

ಬಿಸಿಯಾದಂತೆ ಕಡಿಮೆ ಕರಗುವುದು ತಮ್ಮ ಮನೆಯಲ್ಲೇ ಇದೆ: ಸುಣ್ಣ. ಅದರ ಬಗ್ಗೆ ಬೇಕಿದ್ದರೆ ಮುಂದೆ ಬರೆಯುತ್ತೇನೆ.

ಉತ್ತರ 2: ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ಮೇಷ್ಟರು ಬರೆದದ್ದನ್ನು ಓದಿದ ಮೇಲೆ, ಹಲವು ವರ್ಷಗಳ ಹಿಂದೆ ನಾನೇ ಮಾಡಿಕೊಂಡ ಒಂದು ಎಡವಟ್ಟಿಗೆ ಈಗ ಸರಿಯಾದ ಕಾರಣ ಸಿಕ್ಕಿತು.

ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿದು ಕಲಕುತ್ತೇವೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಕಳೆದ ಶತಮಾನದ ಆರಂಭದಲ್ಲಿ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಈ ಔಷಧಿಯನ್ನು ರೂಢಿಗೆ ತಂದಾಗಿನಿಂದ ತೋಟದವರಿಗೆ ಇದು ಬಾಯಿಪಾಠ. ಮೇಷ್ಟರ ಲೆಕ್ಕದಂತೆ 20 ಡಿಗ್ರಿಯ 50 ಲೀಟರ್ ನೀರು 16 ಕಿಲೋ ತುತ್ತವನ್ನು ಹಿಡಿಯಬಲ್ಲದು. ನಾವು ಹಾಕುವುದು ಒಂದೇ ಕಿಲೋ. ಹಾಗಾಗಿ ಬಿಸಿನೀರು ಇಲ್ಲಿ ಸಮಯ ಉಳಿಸುವುದಕ್ಕೇ ಹೊರತು ಹೆಚ್ಚು ಕರಗಿಸುವುದಕ್ಕಲ್ಲ. ಬಿಸಿನೀರೂ ಬೇಕಾಗಿಲ್ಲ. ಹರಳನ್ನು ಡ್ರಮ್ಮಿನ ತಳಕ್ಕೆ ಸುರಿದರೆ ಅದರ ಸುತ್ತಲಿನ ನೀರು ದಟ್ಟವಾಗಿ ಅಲ್ಲೇ ಕೂರುತ್ತದೆ, ಮೇಲಿನ ತಿಳಿನೀರು ಹರಳನ್ನು ಮುಟ್ಟುವುದೇ ಇಲ್ಲ. ಅದನ್ನೇ ಗೋಣಿತಾಟಿನಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ಕೋಲಿಗೆ ತೂಗುಬಿಟ್ಟರೆ, ಗಂಟಿನಿಂದ ಕಡುನೀಲಿ ಎಳೆಗಳು ಹೊಗೆಯನ್ನು ತಲೆಕೆಳಗು ಮಾಡಿದಂತೆ ಕೆಳಕ್ಕಿಳಿಯುವುದನ್ನು ಕಣ್ಣಾರೆ ನೋಡಬಹುದು. ತಿಳಿನೀರು ತಾನಾಗಿಯೇ ಮೇಲಕ್ಕೆ ಬಂದು ಗಂಟನ್ನು ಮುಟ್ಟುತ್ತಿರುತ್ತದೆ. ರಾತ್ರಿ ತೂಗುಬಿಟ್ಟರೆ ಬೆಳಿಗ್ಗೆ ಮರ ಹತ್ತುವ ಕೊನೆಗಾರ ಬರುವಷ್ಟರಲ್ಲಿ ಗೋಣಿ ಖಾಲಿ.

ಎಡವಟ್ಟು ಏನೆಂದರೆ, ಒಂದು ಮಳೆಗಾಲ ದಿನದಿನವೂ ಕರಗಿಸುವ ತಾಪತ್ರಯ ತಪ್ಪಲಿ ಎಂದು 10 ಲೀಟರ್ ಬಿಸಿನೀರಿಗೆ 5 ಕಿಲೋ ತುತ್ತ ಹಾಕಿ ದಟ್ಟ ದ್ರಾವಣ ಮಾಡಿ, ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ, ಬೇಕಾದಾಗ ಅಳೆದು ನೀರಿಗೆ ಬೆರೆಸುವುದೆಂದು ತೀರ್ಮಾನಿಸಿದೆ. ಬಿಸಿಯಲ್ಲಿ ಪೂರ್ತಿ ಕರಗಿತ್ತು, ಒಂದು ಹರಳೂ ಉಳಿದಿರಲಿಲ್ಲ. ಮರುದಿನ ಮಳೆ ಹೊಳವಾದದ್ದೇ ಅವಸರದಲ್ಲಿ ಕ್ಯಾನಿನ ಮೇಲಿನಿಂದ ಬಗ್ಗಿಸಿಕೊಂಡು ಔಷಧಿ ಕಲಸಿ ಹೊಡೆಸಿದೆವು. ಔಷಧಿ ಸರಿಯಾಗಿದೆಯೇ ಎಂದು ಕತ್ತಿ ಅದ್ದಿ ನೋಡಿದ್ದೂ ಆಯಿತು, ತಾಮ್ರದ ಕೆಂಪು ಹಿಡಿಯಲಿಲ್ಲ. ಆದರೆ ಆ ಪರೀಕ್ಷೆ ಸುಣ್ಣ ಸಾಕಾಗಿದೆ ಎಂದು ಹೇಳುತ್ತದೆಯೇ ಹೊರತು ತುತ್ತ ಸಾಕಾಗಿದೆ ಎಂದು ಹೇಳುವುದಿಲ್ಲ. ಸಂಜೆ ಕ್ಯಾನನ್ನು ಎತ್ತಿದಾಗ ತಳ ಗಡಗಡ ಅಂದಿತು. ಒಡೆದು ನೋಡಿದರೆ ಹೆಬ್ಬೆರಳಿನಷ್ಟು ದಪ್ಪದ, ಅಂಚು ಕತ್ತರಿಸಿದಂತಿದ್ದ ನೀಲಿ ಹರಳುಗಳು ಒಂದಕ್ಕೊಂದು ಬೆಸೆದು ಕೂತಿದ್ದವು. ಇವತ್ತು ಮೇಷ್ಟರ ಅಂಕಿಗಳಿಂದ ಲೆಕ್ಕ ಹಾಕಿದರೆ, 20 ಡಿಗ್ರಿಗೆ ಇಳಿದ 10 ಲೀಟರ್ ನೀರಿನಲ್ಲಿ ಉಳಿಯುವುದು 3.2 ಕಿಲೋ, ತಳ ಸೇರಿದ್ದು 1.8 ಕಿಲೋ. ಆ ಭಾಗದ ಮರಗಳಿಗೆ ಸಿಕ್ಕಿದ್ದು ತೆಳು ಔಷಧಿ, ಕೊಳೆಯೂ ಅಲ್ಲೇ ಮೊದಲು ಕಾಣಿಸಿಕೊಂಡಿತು. ಅಂದಿನಿಂದ ದಟ್ಟ ದ್ರಾವಣ ಮಾಡುವುದಿದ್ದರೂ 10 ಲೀಟರಿಗೆ 2 ಕಿಲೋ ಮೀರುವುದಿಲ್ಲ. ನಮ್ಮ ಮಳೆಗಾಲದ ಚಳಿಗೆ ಅಷ್ಟು ಹರಳುಗಟ್ಟುವುದಿಲ್ಲ.

ಬಿಸಿನೀರು ಬಳಸುವವರು ಎರಡು ವಿಷಯ ಗಮನಿಸಬೇಕು. ಬಚ್ಚಲ ಹಂಡೆಯಿಂದ ನೀರನ್ನು ತೋಡಿಕೊಂಡು ಬಂದು ಡ್ರಮ್ಮಿಗೆ ಹಾಕಿ, ಹಂಡೆಗೇ ತುತ್ತ ಹಾಕಬೇಡಿ, ಅದು ವಿಷ. ಎರಡೂ ನೀರು ಪೂರ್ತಿ ತಣ್ಣಗಾದ ಮೇಲೆಯೇ ಬೆರೆಸಿ. ಬೆಚ್ಚಗಿರುವಾಗ ಬೆರೆಸಿದರೆ ಗಸಿ ದಪ್ಪವಾಗಿ ಬೇಗ ತಳ ಸೇರುತ್ತದೆ, ಗೊನೆಗೆ ಅಂಟುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಮಗಳು ಈಗ ಸುಣ್ಣವನ್ನು ಬಿಡುತ್ತಿಲ್ಲ. ಸುಟ್ಟ ಸುಣ್ಣದ ಹರಳಿಗೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ, ಹಾಗಾದರೆ ಸುಣ್ಣ ಶಾಖವನ್ನು ಹೊರಬಿಡುವ ವಸ್ತು, ಆದ್ದರಿಂದಲೇ ಬಿಸಿಯಲ್ಲಿ ಕಡಿಮೆ ಕರಗುತ್ತದೆ ಎಂದು ಅವಳೇ ತೀರ್ಮಾನಿಸಿದ್ದಾಳೆ. ಇದು ಸರಿಯೇ ಸರ್?

ಉತ್ತರ 3: ನಿವೃತ್ತ ಉಪನ್ಯಾಸಕ, ಶಿವಮೊಗ್ಗ

ಮಗಳು ಸರಿಯಾದ ಊರಿಗೆ ತಪ್ಪು ದಾರಿಯಲ್ಲಿ ತಲುಪಿದ್ದಾಳೆ. ಸುಟ್ಟ ಸುಣ್ಣ ನೀರಿನೊಡನೆ ಕುದಿಯುವುದು ಕರಗುವಿಕೆಯಲ್ಲ, ಅದು ರಾಸಾಯನಿಕ ಕ್ರಿಯೆ. ಕ್ಯಾಲ್ಸಿಯಂ ಆಕ್ಸೈಡ್ ನೀರನ್ನು ಸೇರಿಸಿಕೊಂಡು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಬೇರೆಯೇ ವಸ್ತುವಾಗುತ್ತದೆ, ಆ ದೊಡ್ಡ ಶಾಖ ಅಲ್ಲಿನದು. ಹೀಗೆ ಅರಳಿದ ಸುಣ್ಣ ಅನಂತರ ನೀರಿನಲ್ಲಿ ಕರಗುವಾಗಲೂ ಸ್ವಲ್ಪ ಶಾಖವನ್ನು ಹೊರಬಿಡುತ್ತದೆ. ಲೆಕ್ಕಕ್ಕೆ ಬರುವುದು ಈ ಎರಡನೆಯ, ಕೈಗೆ ಗೊತ್ತಾಗದ ಶಾಖ. ಆದ್ದರಿಂದ ಒಂದು ಲೀಟರ್ ನೀರಿನಲ್ಲಿ 20 ಡಿಗ್ರಿಯಲ್ಲಿ ಸುಮಾರು 1.7 ಗ್ರಾಂ ಕರಗುವ ಸುಣ್ಣ, 100 ಡಿಗ್ರಿಯಲ್ಲಿ 0.7 ಗ್ರಾಂನಷ್ಟು ಮಾತ್ರ ಕರಗುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಎಲೆಯಡಿಕೆಯ ಸುಣ್ಣವನ್ನು ಒಂದು ಚಮಚೆಯಷ್ಟು ಬಾಟಲಿ ನೀರಿಗೆ ಕದಡಿ, ಬಿರಡೆ ಹಾಕಿ ಒಂದು ದಿನ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಸ್ಟೀಲ್ ಪಾತ್ರೆಗೆ ಬಗ್ಗಿಸಿಕೊಳ್ಳಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಕಣ್ಣಿಗೆ ಸಿಡಿಯದಂತೆ ಎಚ್ಚರವಹಿಸಿ, ಮುಚ್ಚಳ ಮುಚ್ಚಿ ಕುದಿಸಿ.

ಉತ್ತರ 4: ರಸಾಯನಶಾಸ್ತ್ರ ಎಂ.ಎಸ್ಸಿ. ವಿದ್ಯಾರ್ಥಿ, ಶಂಕರಘಟ್ಟ

ಸರ್ ಅವರ ವಿವರಣೆಗೆ ಒಂದು ತಿದ್ದುಪಡಿ ಸೇರಿಸಲು ಅನುಮತಿ ಕೋರುತ್ತೇನೆ. ಕರಗುವಾಗ ಬಿಸಿಯಾದರೆ ಕರಗುವಿಕೆ ಇಳಿಯುತ್ತದೆ, ತಂಪಾದರೆ ಏರುತ್ತದೆ ಎಂಬುದನ್ನು ಬಕೆಟ್ ಮುಟ್ಟಿ ನೋಡಿ ನಿರ್ಧರಿಸಲು ಹೊರಟರೆ ಕೆಲವೊಮ್ಮೆ ಮೋಸಹೋಗುತ್ತೇವೆ. ಕಾಸ್ಟಿಕ್ ಸೋಡಾ ನೀರಿಗೆ ಬಿದ್ದೊಡನೆ ಪಾತ್ರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುತ್ತದೆ. ಆದರೂ ಅದರ ಕರಗುವಿಕೆ 20 ಡಿಗ್ರಿಯಲ್ಲಿದ್ದ 109 ಗ್ರಾಂನಿಂದ ಕುದಿಯುವ ಹೊತ್ತಿಗೆ ಮೂರು ಪಟ್ಟು ಮೀರುತ್ತದೆ. ಮೈಲುತುತ್ತವೂ ಹಾಗೆಯೇ. ಕಾಯಿಸಿ ಬಿಳಿ ಪುಡಿ ಮಾಡಿದ ತುತ್ತಕ್ಕೆ ನೀರು ಹಾಕಿದರೆ ಬಿಸಿಯಾಗುತ್ತದೆ, ಒಂದು ಮೋಲ್‌ಗೆ ಸುಮಾರು 66 ಕಿಲೋಜೂಲ್ ಹೊರಬರುತ್ತದೆ. ನೀಲಿ ಹರಳು ಮಾತ್ರ ಕರಗುವಾಗ ಶಾಖವನ್ನು ಹೀರುತ್ತದೆ.

ಇದರ ಗುಟ್ಟು ಏನೆಂದರೆ, ಪರ್ಯಾಪ್ತ ದ್ರಾವಣದ ತಳದಲ್ಲಿ ಕರಗದೆ ಉಳಿದು ಸಮತೋಲದಲ್ಲಿರುವ ಘನವಸ್ತು ಯಾವುದು ಎಂದು ಕೇಳಬೇಕು, ಮತ್ತು ಆ ಘನ ಆ ದಟ್ಟ ದ್ರಾವಣದಲ್ಲೇ ಇನ್ನಷ್ಟು ಕರಗುವಾಗ ಶಾಖ ಹೀರುತ್ತದೆಯೋ ಬಿಡುತ್ತದೆಯೋ ಎಂದು ನೋಡಬೇಕು. ತಿಳಿನೀರಿಗೆ ಮೊದಲ ಚಿಟಿಕೆ ಹಾಕಿದಾಗಿನ ಶಾಖ ಇಲ್ಲಿ ಸಾಕ್ಷಿಯಲ್ಲ. ತುತ್ತದ ದ್ರಾವಣದ ತಳದಲ್ಲಿರುವುದು ಬಿಳಿ ಪುಡಿಯಲ್ಲ, ಐದು ನೀರಿನ ಅಣುಗಳನ್ನು ಒಳಗಿಟ್ಟುಕೊಂಡ ನೀಲಿ ಹರಳು. ಕಾಸ್ಟಿಕ್ ಸೋಡಾದಲ್ಲೂ ಸಾಮಾನ್ಯ ಉಷ್ಣತೆಯಲ್ಲಿ ತಳದಲ್ಲಿ ಉಳಿಯುವುದು ನೀರು ಸೇರಿದ ಹರಳೇ.

ಇದನ್ನು ಎಲ್ಲಕ್ಕಿಂತ ಸೊಗಸಾಗಿ ತೋರಿಸುವುದು ಸೋಡಿಯಂ ಸಲ್ಫೇಟ್. 0 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 5 ಗ್ರಾಂ ಕರಗುವ ಅದು 30 ಡಿಗ್ರಿಯಲ್ಲಿ 41 ಗ್ರಾಂಗೆ ಏರುತ್ತದೆ, 32.4 ಡಿಗ್ರಿಯಲ್ಲಿ ತುದಿ ಮುಟ್ಟಿ, ಅಲ್ಲಿಂದಾಚೆಗೆ ಇಳಿಯುತ್ತಾ 100 ಡಿಗ್ರಿಯಲ್ಲಿ 42 ಗ್ರಾಂ ಆಗುತ್ತದೆ. ರೇಖಾಚಿತ್ರ ಬರೆದರೆ ಕೊಡಚಾದ್ರಿಯ ಒಂದು ಮಗ್ಗುಲಿನ ಕಡಿದಾದ ಏರು, ಇನ್ನೊಂದು ಮಗ್ಗುಲಿನ ಸಾವಕಾಶದ ಇಳಿಜಾರು ಇದ್ದಂತೆ ಕಾಣುತ್ತದೆ. ಆ 32.4 ಡಿಗ್ರಿಯಲ್ಲಿ ತಳದಲ್ಲಿರುವ ಹತ್ತು ನೀರಿನ ಹರಳು ತನ್ನ ನೀರನ್ನು ಬಿಟ್ಟುಕೊಟ್ಟು ಒಣ ಲವಣವಾಗುತ್ತದೆ. ಹರಳು ಕರಗುವಾಗ ಶಾಖ ಹೀರುತ್ತಿತ್ತು, ಒಣ ಲವಣ ಶಾಖ ಬಿಡುತ್ತದೆ. ರೇಖೆ ಅಲ್ಲೇ ತಿರುಗುತ್ತದೆ.

ಉತ್ತರ 5: ನಿವೃತ್ತ ಉಪನ್ಯಾಸಕ, ಶಿವಮೊಗ್ಗ

ತಿದ್ದುಪಡಿಯನ್ನು ಒಪ್ಪಿದ್ದೇನೆ. ಬಕೆಟ್ ಮುಟ್ಟಿ ನೋಡುವ ಸಲಹೆ ಪೊಟ್ಯಾಷಿಗೆ ಹೊಂದುತ್ತದೆ, ನೀರನ್ನು ಸೇರಿಸಿಕೊಂಡು ಹರಳಾಗುವ ಲವಣಗಳಿಗೆ ಹೊಂದುವುದಿಲ್ಲ ಎಂದು ನಾನೇ ಬರೆಯಬೇಕಿತ್ತು.

ಪ್ರಶ್ನೆ ಕೇಳಿದವರಿಂದ

ನಿನ್ನೆ ಸುಣ್ಣದ ತಿಳಿಯನ್ನು ಕುದಿಸಿ ನೋಡಿದೆವು. ಒಲೆಯ ಮೇಲಿಟ್ಟಾಗ ಬಾವಿನೀರಿನಷ್ಟು ತಿಳಿಯಾಗಿದ್ದದ್ದು, ಕುದಿ ಬರುವ ಹೊತ್ತಿಗೆ ಅಕ್ಕಿ ತೊಳೆದ ನೀರಿನಂತೆ ಮಬ್ಬಾಯಿತು. ಮುಚ್ಚಳ ತೆಗೆಯದೆ ಹಾಗೇ ಬಿಟ್ಟಿದ್ದೆವು. ಇಂದು ಬೆಳಿಗ್ಗೆ ಮಬ್ಬು ಬಹುಮಟ್ಟಿಗೆ ಹೋಗಿದೆ. ಆದರೆ ನೀರಿನ ಮೇಲೆ ಹಾಲಿನ ಕೆನೆಗಿಂತಲೂ ತೆಳುವಾದ ಬಿಳಿ ಪೊರೆಯೊಂದು ನಿಂತಿದೆ, ಬೆರಳು ತಾಗಿದರೆ ಒಡೆಯುತ್ತದೆ, ಕಲಕಿದರೂ ಕರಗುವುದಿಲ್ಲ. ಇದೇಕೆ ತಣ್ಣಗಾದರೂ ವಾಪಸು ಕರಗಲಿಲ್ಲ?

ಮಿಡಿಯ ಉಪ್ಪುನೀರಿನ ವಿಷಯವನ್ನು ಅತ್ತೆಯವರಿಗೂ ಹೇಳಿದೆ. ಉಪ್ಪು ಹೆಚ್ಚು ಕರಗಲಿ ಎಂದು ತಾವು ಯಾವತ್ತೂ ಕುದಿಸಿದವರಲ್ಲ, ಹಸಿನೀರು ಸೋಕಿದರೆ ಮಿಡಿ ಕೆಡುತ್ತದೆ ಎಂದು ಕುದಿಸುವುದು, ಬಿಸಿಯಿರುವಾಗಲೇ ಉಪ್ಪು ಹಾಕಿದರೆ ಕಲಕುವ ಕೈಗೆ ಬಿಡುವು, ಇಷ್ಟಕ್ಕೆ ಇಷ್ಟೆಲ್ಲ ಬರೆದಿರಾ ಎಂದರು.

ಉತ್ತರ 6: ಎಂ.ಎಸ್ಸಿ. ವಿದ್ಯಾರ್ಥಿ, ಶಂಕರಘಟ್ಟ

ಆ ಪೊರೆ ಸುಣ್ಣವಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡ್ ಸುಣ್ಣದ ನೀರಿನ ಮೇಲ್ಮೈಯಲ್ಲಿ ಸೇರಿ ಆದ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಬಿಸಿನೀರಿನಲ್ಲೂ ತಣ್ಣೀರಿನಲ್ಲೂ ಕರಗುವುದು ಅತ್ಯಲ್ಪ. ಪೊರೆಯನ್ನು ಚಮಚೆಯಲ್ಲಿ ಎತ್ತಿ ನಾಲ್ಕು ಹನಿ ಲಿಂಬೆರಸ ಬಿಟ್ಟರೆ ಸಣ್ಣ ಗುಳ್ಳೆಗಳೆದ್ದು ಕರಗುತ್ತದೆ; ಮಗಳಿಗೆ ತೋರಿಸಿ.